ಕಾಲ್ಪನಿಕ ಭೂದೃಶ್ಯಕ್ಕೆ ಗ್ವಾಶ್ ಮೊದಲೋ, ಡಿಜಿಟಲ್ ಮೊದಲೋ?

ಕಲ್ಪನೆಯ ಬೆಟ್ಟ-ಕಣಿವೆಗಳನ್ನು ಚಿತ್ರಿಸಲು ಕಲಿಯುತ್ತಿರುವವರು ಗ್ವಾಶ್‌ನಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ. ಈ ಅಪಾರದರ್ಶಕ ಜಲವರ್ಣದಲ್ಲಿ ಸಾಮಾನ್ಯವಾಗಿ ತಿಳಿ ಬಣ್ಣಗಳು ಒಣಗಿದಾಗ ತುಸು ಗಾಢವಾಗಿಯೂ ಗಾಢ ಬಣ್ಣಗಳು ತುಸು ತಿಳಿಯಾಗಿಯೂ ಕಾಣುವುದರಿಂದ, ಪ್ರತಿಯೊಂದು ಮಿಶ್ರಣವನ್ನೂ ಕಾಗದದ ತುಂಡಿನ ಮೇಲೆ ಬಳಿದು, ಒಣಗಿಸಿ ನೋಡಿದ ಮೇಲೆಯೇ ಚಿತ್ರಕ್ಕೆ ಹಚ್ಚಬೇಕಾಗುತ್ತದೆ. ಛಾಯೆಯನ್ನು ಅಳೆಯಲು ಕಣ್ಣು ಪಳಗುವುದು ಹೀಗೆಯೇ. ಒಣಗಿದ ಪದರವೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಆದ್ದರಿಂದ ಮೇಲಿನ ಪದರದ ಬಣ್ಣವನ್ನು ಕೆನೆಯಷ್ಟು ಮಂದವಾಗಿ ಕಲಸಿ, ಕುಂಚವನ್ನು ಒಮ್ಮೆ ಮಾತ್ರ ಎಳೆಯಿರಿ.

ಮೈಸೂರು, ಮಂಡ್ಯದವರಿಗೆ ಪಾಂಡವಪುರದ ಕುಂತಿಬೆಟ್ಟ ಹತ್ತಿರವೇ ಇದೆ. ಅಲ್ಲಿನ ಬಂಡೆಗಳ ಮೇಲೆ ಸಂಜೆಯ ನೆರಳು ಬೀಳುವ ರೀತಿಯನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಂಡರೆ ಕಲ್ಪಿತ ಬೆಟ್ಟಕ್ಕೂ ಘನತೆ ಬರುತ್ತದೆ. ಒಂದೇ ದೃಶ್ಯದ ಸಂಯೋಜನೆಯನ್ನು ಹಲವು ಬಗೆಯಲ್ಲಿ ಪರೀಕ್ಷಿಸಲು ಮಾತ್ರ, ಪದರಗಳನ್ನು ಬೇರೆಬೇರೆಯಾಗಿ ಸರಿಸಲು ಬಿಡುವ ಡಿಜಿಟಲ್ ಮಾಧ್ಯಮವೇ ಹೆಚ್ಚು ಅನುಕೂಲ.