ಕೌದಿಗೆ ಮೊದಲು ಅಚ್ಚು ಸರಿಯಿರಲಿ

ಹಳೆ ಕಾಟನ್ ಸೀರೆ, ಟೈಲರ್ ಅಂಗಡಿಯಲ್ಲಿ ಉಳಿದ ಕಟ್‌ಪೀಸು, ಮೊಮ್ಮಕ್ಕಳಿಗೆ ಗಿಡ್ಡವಾದ ಫ್ರಾಕು. ನಮ್ಮ ಮನೆಯ ಕೌದಿಗಳೆಲ್ಲ ಇವುಗಳಿಂದಲೇ ಆದದ್ದು. ಡಿಸೆಂಬರಿನ ಬೆಂಗಳೂರು ಚಳಿಗೆ ಅಷ್ಟು ಹಿತವಾದ ಹೊದಿಕೆ ಬೇರೆ ಇಲ್ಲ.

ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಚ್ಚೇ (ಬಟ್ಟೆಯ ಮೇಲಿಟ್ಟು ಗೆರೆ ಎಳೆದು ಕತ್ತರಿಸುವ ಮಾದರಿ ತುಂಡು) ಇಲ್ಲದೆ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಎಷ್ಟು ಚೆಂದ ಅವರ ಕೈಕೆಲಸ! ಆದರೆ ಚೌಕ, ತ್ರಿಕೋನ ಜೋಡಿಸಿ ಒಂದು ವಿನ್ಯಾಸ ಬರಬೇಕು ಅಂದರೆ ಅಚ್ಚು ಬೇಕೇ ಬೇಕು.

ಅಚ್ಚಿಗೆ ದಪ್ಪನೆಯ ಮದುವೆ ಕಾರ್ಡು ಸಾಕು. ತುಂಬಾ ತುಂಡು ಕತ್ತರಿಸುವುದಿದ್ದರೆ ಸ್ವೀಟ್ ಬಾಕ್ಸಿನ ಪ್ಲಾಸ್ಟಿಕ್ ಮುಚ್ಚಳ ಒಳ್ಳೆಯದು. ಅಂಚು ಸವೆಯುವುದಿಲ್ಲ. ಕೆಳಗಿನ ಬಟ್ಟೆ ಕಾಣುವುದರಿಂದ ಸೀರೆಯ ಹೂವು ಸರಿಯಾಗಿ ನಡುವಿಗೆ ಬರುವಂತೆ ಇಟ್ಟುಕೊಳ್ಳಬಹುದು. ಇಸ್ತ್ರಿ ಪೆಟ್ಟಿಗೆಯಿಂದ ಮಾತ್ರ ದೂರ ಇಡಿ. ಅಚ್ಚಿನ ಕೆಳಗೆ ಚೂರು ಸ್ಯಾಂಡ್‌ಪೇಪರ್ ಅಂಟಿಸಿದರೆ ಬಟ್ಟೆಯ ಮೇಲೆ ಜಾರುವುದಿಲ್ಲ.

ಅಳತೆಯಲ್ಲಿ ಎಲ್ಲರೂ ಎಡವುವುದು ಮಾರ್ಜಿನ್‌ನಲ್ಲಿ, ಅಂದರೆ ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಬಟ್ಟೆಯಲ್ಲಿ. ಸುತ್ತಲೂ ಕಾಲು ಇಂಚು ಬಿಡಬೇಕು. ಹೊಲಿದ ಮೇಲೆ 3 ಇಂಚಿನ ಚೌಕ ಬೇಕಾದರೆ ಅಚ್ಚು 3.5 ಇಂಚು ಇರಲಿ. ತ್ರಿಕೋನಕ್ಕೆ ಆ ಚೌಕವನ್ನೇ ಮೂಲೆಯಿಂದ ಮೂಲೆಗೆ ಕತ್ತರಿಸಬೇಡಿ. ಉದ್ದದ ಬದಿಗೆ ಮಾರ್ಜಿನ್ ಉಳಿಯುವುದಿಲ್ಲ, ಹೊಲಿದಾಗ ಸಣ್ಣದಾಗುತ್ತದೆ. ಮೊದಲು ಬೇಕಾದ ತ್ರಿಕೋನ ಬರೆದು, ಮೂರೂ ಬದಿಗೆ ಕಾಲು ಇಂಚು ಸೇರಿಸಿ. ಆರುಮೂಲೆಯ ಅಚ್ಚು ಇನ್ನೂ ಸುಲಭ. ಕೈವಾರದಲ್ಲಿ ಒಂದು ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ಅದೇ ವೃತ್ತದ ಮೇಲೆ ಹೆಜ್ಜೆ ಇಡುತ್ತಾ ಹೋಗಿ. ಸರಿಯಾಗಿ ಆರನೇ ಹೆಜ್ಜೆಗೆ ಶುರುಮಾಡಿದ ಜಾಗಕ್ಕೇ ಬರುತ್ತದೆ. ಚುಕ್ಕೆಗಳನ್ನು ಗೆರೆಯಲ್ಲಿ ಸೇರಿಸಿ, ಇದಕ್ಕೂ ಸುತ್ತ ಮಾರ್ಜಿನ್ ಕೊಡಿ.

ಈಗ ನಾನು ಪಟ್ಟ ಪಾಡು ಹೇಳಬೇಕು. ಮಗಳ ಬಾಣಂತನಕ್ಕೆಂದು ಕೌದಿ ಹೊಲಿಯುವಾಗ ರಟ್ಟಿನ ಅಚ್ಚು ಮೆತ್ತಗಾಯಿತು. ಅದನ್ನೇ ಇಟ್ಟು ಎರಡನೆಯದು ಬರೆದೆ, ಎರಡನೆಯದರಿಂದ ಮೂರನೆಯದು. ಪೆನ್ಸಿಲ್ ಗೆರೆ ಅಚ್ಚಿನ ಹೊರಗೆ ಬೀಳುತ್ತದೆ ಅಲ್ವಾ, ಪ್ರತಿ ಸಲ ಕೂದಲೆಳೆಯಷ್ಟು ದೊಡ್ಡದಾಗುತ್ತಾ ಹೋಯಿತು. ಒಂದು ತುಂಡಿಗೆ 1 ಮಿ.ಮೀ. ಜಾಸ್ತಿಯಾದರೂ ಸಾಲಿಗೆ 20 ತುಂಡು ಇದ್ದರೆ 2 ಸೆಂ.ಮೀ. ಹೆಚ್ಚು! ಕೊನೆಯ ಸಾಲುಗಳು ಸೀರೆಯ ನೆರಿಗೆಯ ಹಾಗೆ ಎದ್ದು ನಿಂತವು. ಕೂತು ಎಲ್ಲ ಬಿಚ್ಚಿದೆ. ಆಗಿನಿಂದ ಮೊದಲ ಅಚ್ಚನ್ನು ತಾಯಿ ಅಚ್ಚು ಎಂದು ಎತ್ತಿಡುತ್ತೇನೆ. ಅದನ್ನು ಬಟ್ಟೆಯ ಮೇಲೆ ಇಡುವುದೇ ಇಲ್ಲ. ಹೊಸ ಅಚ್ಚು ಬೇಕಾದಾಗೆಲ್ಲ ಅದರಿಂದಲೇ ಬರೆದು, ಗೆರೆಯ ಒಳಗಂಚಿಗೆ ಕತ್ತರಿ ಹಾಕುತ್ತೇನೆ.

ಬಟ್ಟೆಯನ್ನು ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಬಣ್ಣ ಬಿಡುವುದು, ಕುಗ್ಗುವುದು ಎರಡೂ ಆಗಲೇ ತಿಳಿಯುತ್ತದೆ. ಅಚ್ಚಿನ ಮೇಲೆ ಒಂದು ಬಾಣ ಬರೆದು, ಅದು ಬಟ್ಟೆಯ ಉದ್ದೆಳೆಯ ದಿಕ್ಕಿಗೆ ಕೂರುವಂತೆ ಇಡಿ. ಓರೆಯಾಗಿ ಕತ್ತರಿಸಿದ ಅಂಚು ಎಳೆದರೆ ಹಿಗ್ಗುತ್ತದೆ. ಗೆರೆ ಹಾಕುವುದು ಬಟ್ಟೆಯ ಹಿಂಬದಿಗೆ. ಎಡಬಲ ಬೇರೆಯಾಗಿರುವ ಆಕಾರಕ್ಕೆ ಅಚ್ಚನ್ನು ಮಗುಚಿ ಇಡಲು ಮರೆಯಬೇಡಿ. ಬಾಲ್‌ಪೆನ್ ಬೇಡ, ಒಗೆದರೂ ಮಸಿ ಸುಲಭಕ್ಕೆ ಹೋಗುವುದಿಲ್ಲ. ಸೀಮೆಸುಣ್ಣ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್‌ನಲ್ಲಿ ಸಿಗುತ್ತದೆ. ನನಗಂತೂ ಬಚ್ಚಲಲ್ಲಿ ಉಳಿದ ಸೋಪಿನ ಚೂರೇ ಇಷ್ಟ. ಗೆರೆ ಸಣ್ಣಗೆ ಬರುತ್ತದೆ, ಒಗೆದರೆ ಹೋಗುತ್ತದೆ.

ಎಲ್ಲ ಬಟ್ಟೆಯನ್ನೂ ಒಟ್ಟಿಗೆ ಕತ್ತರಿಸಿಬಿಡಬೇಡಿ. ಮೊದಲು 3.5 ಇಂಚಿನ ನಾಲ್ಕೇ ಚೌಕ ಕತ್ತರಿಸಿ, ಎರಡು ಸಾಲಾಗಿ ಜೋಡಿಸಿ ಹೊಲಿಯಿರಿ. ಇಸ್ತ್ರಿ ಹಾಕಿ ಟೇಪ್ ಹಿಡಿಯಿರಿ. ಅಡ್ಡಕ್ಕೂ ಉದ್ದಕ್ಕೂ 6.5 ಇಂಚು ಬಂದರೆ ಮಿಕ್ಕ ಬಟ್ಟೆಗೆ ಧೈರ್ಯವಾಗಿ ಕತ್ತರಿ ಹಾಕಿ.