ಎಳೆ ನಕ್ಷತ್ರಗಳ ಗಣತಿ ಮಾಡುವುದು ಹೇಗೆ?

ಕೃತ್ತಿಕೆ, ರೋಹಿಣಿ ಗೊತ್ತಲ್ವಾ? ಅವುಗಳ ಆಸುಪಾಸಿನಲ್ಲಿ, ನೋಡಿದರೆ ಸುಮ್ನೆ ಖಾಲಿ ಕತ್ತಲು ಅನ್ನಿಸುವ ಕಡೆ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ ಅನಿಲ ಮತ್ತು ದೂಳಿನ ದೊಡ್ಡ ಮೋಡವಿದೆ. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. 1945ರಲ್ಲಿ ಖಗೋಳಶಾಸ್ತ್ರಜ್ಞ ಆಲ್‌ಫ್ರೆಡ್ ಜಾಯ್ ಇಂಥ 11 ನಕ್ಷತ್ರಗಳನ್ನು ಒಟ್ಟು ಮಾಡಿ ಟಿ ಟೌರಿ ಎಂಬ ಗುಂಪು ಕಟ್ಟಿದರು.

ಇವನ್ನು ಗುರುತಿಸುವುದು, ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಒಂದು ಕೆಂಪು ಗೆರೆಯಿಂದ. ಸುತ್ತಲೂ ತಟ್ಟೆಯ ಹಾಗೆ ಹರಡಿದ ಅನಿಲ-ದೂಳಿನಿಂದ (ಇದನ್ನೇ ತಟ್ಟೆ ಅನ್ನೋಣ) ಅನಿಲ ಎಳೆ ನಕ್ಷತ್ರದ ಮೇಲೆ ಬೀಳುವಾಗ ಕಾದ ಹೈಡ್ರೋಜನ್ 656.3 ನ್ಯಾನೋಮೀಟರ್‌ನಲ್ಲಿ ಹೊಳೆಯುತ್ತದೆ. ಅದೇ ಎಚ್-ಆಲ್ಫಾ.

ಮೊದಲು ಜಾಗ ಆರಿಸಿ. ಫೋಟೋದಲ್ಲಿ ನಕ್ಷತ್ರ ಕಡಿಮೆ ಕಾಣುವ ಕಪ್ಪು ತೇಪೆಗಳೇ ಸುಳಿವು, ದೂಳು ಹಿಂದಿನದನ್ನೆಲ್ಲ ಮುಚ್ಚಿರುತ್ತದೆ.

ಈಗ ದೂರದರ್ಶಕ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಈ ಕೆಲಸ ಆಗುತ್ತದೆ, ಅದನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು! ಬೆಳಕಿನ ದಾರಿಯಲ್ಲಿ ಗ್ರಿಸಂ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗಾಜು) ಮತ್ತು ಎಚ್-ಆಲ್ಫಾ ಫಿಲ್ಟರ್ ಇಡಿ, ಒಂದೇ ನಕ್ಷತ್ರದ ಬೆಳಕನ್ನು ಒಳಬಿಡುವ ಕಿರಿದಾದ ಸೀಳು ಬೇಡ. ಆಗ ಪ್ರತಿ ನಕ್ಷತ್ರವೂ ಚಿಕ್ಕ ಪಟ್ಟಿಯಾಗಿ ಮೂಡುತ್ತದೆ. ಫಿಲ್ಟರ್ ಇಲ್ಲದಿದ್ದರೆ ಪಟ್ಟಿಗಳು ಉದ್ದವಾಗಿ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ. ಗ್ರಿಸಂ ತೆಗೆದು ಒಂದು ಮಾಮೂಲಿ ಫೋಟೋ ಕೂಡ ತೆಗೆದುಕೊಳ್ಳಿ, ಇಲ್ಲದಿದ್ದರೆ ಯಾವ ಪಟ್ಟಿ ಯಾರದು ಅಂತ ಗೊತ್ತಾಗುವುದಿಲ್ಲ.

ಪಟ್ಟಿಯ ಮೇಲೆ ಗುಂಡಗೆ ಹೊಳೆಯುವ ಚುಕ್ಕೆ ಕಂಡರೆ ಆ ನಕ್ಷತ್ರವನ್ನು ಗಣತಿಗೆ ಸೇರಿಸಿ. ಇಷ್ಟು ಸುಲಭ. ತಲೆನೋವು ಶುರುವಾಗುವುದು ಇಲ್ಲಿಂದ, ಯಾಕಂದ್ರೆ ನಮಗೂ ಮೋಡಕ್ಕೂ ನಡುವೆ ಇರುವ ಕೆಂಪು ಕುಬ್ಜಗಳೂ (ಚಿಕ್ಕ, ತಂಪು ನಕ್ಷತ್ರಗಳು) ಇದೇ ಗೆರೆ ತೋರಿಸುತ್ತವೆ, ಮೋಡದ ಹಿಂದಿನ ಕೆಲವು ಬಿಸಿ ನಕ್ಷತ್ರಗಳೂ ತೋರಿಸುತ್ತವೆ. ಗೆರೆಯ ಬಲವನ್ನು ಅಗಲದ ಲೆಕ್ಕದಲ್ಲಿ ಅಳೆಯುತ್ತಾರೆ, ಅದು 10 ಆಂಗ್‌ಸ್ಟ್ರಾಮ್ (1 ನ್ಯಾನೋಮೀಟರ್) ದಾಟಿದರೆ ಟಿ ಟೌರಿ ಅನ್ನುವುದು ಹಳೇ ಲೆಕ್ಕ. ತಂಪು ನಕ್ಷತ್ರಗಳಿಗೆ ನಾನು ಅದನ್ನು ನಂಬುವುದಿಲ್ಲ, ಅವುಗಳ ಸ್ವಂತ ಬೆಳಕೇ ಮಂಕಾಗಿರುವುದರಿಂದ ಸಣ್ಣ ಗೆರೆಯೂ ಜೋರಾಗಿ ಕಾಣುತ್ತದೆ.

ಹಾಗಾಗಿ ನಕ್ಷತ್ರಗಳ ದೂರ, ಚಲನೆ ಅಳೆದ ಗಾಯಾ ಉಪಗ್ರಹದ ಮಾಹಿತಿಯಲ್ಲಿ ದೂರ ನೋಡಿ. ಮೋಡದ ಉಳಿದ ನಕ್ಷತ್ರಗಳ ಹಾಗೇ ಚಲಿಸುತ್ತಿದೆಯಾ ಅಂತಲೂ ನೋಡಿ. ಇನ್‌ಫ್ರಾರೆಡ್‌ನಲ್ಲಿ ಜಾಸ್ತಿ ಬೆಳಗುತ್ತಿದ್ದರೆ ತಟ್ಟೆ ಇದೆ ಎಂದರ್ಥ. ಇನ್ನೂ ಅನುಮಾನ ಉಳಿದವಕ್ಕೆ ಮಾತ್ರ ಸೀಳು ಹಾಕಿ ಪೂರ್ತಿ ವರ್ಣಪಟಲ ತೆಗೆದು, 670.8 ನ್ಯಾನೋಮೀಟರ್‌ನಲ್ಲಿ ಲಿಥಿಯಂ ಹುಡುಕಿ. ಇಂಥ ಸಣ್ಣ ನಕ್ಷತ್ರಗಳು ವಯಸ್ಸಾದಂತೆ ಲಿಥಿಯಂ ಸುಟ್ಟುಕೊಂಡಿರುತ್ತವೆ, ಅದು ಇನ್ನೂ ಉಳಿದಿದ್ದರೆ ಎಳೆಯದು ಎಂದರ್ಥ.

ಕೆಲವು ತಿಂಗಳು ಬಿಟ್ಟು ಅದೇ ಜಾಗವನ್ನು ಮತ್ತೆ ನೋಡಿ, ಗೆರೆ ಏರಿಳಿಯುತ್ತಿರುತ್ತದೆ. ತಟ್ಟೆ ಕಳೆದುಕೊಂಡ ಎಳೆಯವು ಎಷ್ಟು ಸಲ ನೋಡಿದರೂ ತಪ್ಪಿಸಿಕೊಳ್ಳಬಹುದು. ಅವನ್ನು ಹಿಡಿಯಲು ಎಕ್ಸ್‌ರೇ ಸಮೀಕ್ಷೆಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.