ಹೊಸದಾಗಿ ಸ್ಟೋರ್ ಮ್ಯಾನೇಜರ್ ಆದೋರು ಕೆಲ್ಸದ ಗಂಟೆಗಳನ್ನ ಹಿಡಿತಕ್ಕೆ ತಗೊಳ್ಳೋದು ಹೇಗೆ

ಪ್ರಮೋಶನ್ ಸಿಕ್ಕ ಹೊಸದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾ ಸ್ಟೋರ್ ಮ್ಯಾನೇಜರ್‌ಗಳೂ ಒಂದೇ ಥರ ಇರ್ತಾರೆ, ಬೆಳಗ್ಗೆ ಶಟರ್ ಎತ್ತೋಕೂ ತಾವೇ, ರಾತ್ರಿ ಇಳಿಸೋಕೂ ತಾವೇ, ಮಧ್ಯದಲ್ಲಿ ಯಾರಾದ್ರೂ ರಜೆ ಹಾಕಿದ್ರೆ ಬಿಲ್ಲಿಂಗಿಗೂ ತಾವೇ ನಿಲ್ಲೋದು, ವೀಕ್ಲಿ ಆಫ್ ದಿನಾನೂ ಸುಮ್ನೆ ಒಂದ್ಸಲ ನೋಡ್ಕೊಂಡ್ ಬರ್ತೀನಿ ಅಂತ ಹೋದೋರು ಸಂಜೆವರೆಗೂ ಅಲ್ಲೇ. ಜವಾಬ್ದಾರಿ ಇರೋರು ಮಾಡೋದೇ ಹೀಗೆ. ಆದ್ರೆ ಇದು ಎರಡ್ಮೂರು ತಿಂಗಳು ಹೀಗೇ ನಡೆದ್ರೆ ಸ್ಟಾಫಿಗೂ ಅಭ್ಯಾಸ ಆಗೋಗತ್ತೆ, ಮೇಲಿನೋರಿಗೂ ಅಭ್ಯಾಸ ಆಗೋಗತ್ತೆ, ಆಮೇಲೆ ನೀವು ಟೈಮಿಗೆ ಸರಿಯಾಗಿ ಮನೆಗೆ ಹೊರಟ್ರೂ "ಏನ್ ಇವತ್ತು ಬೇಗ?" ಅಂತಾರೆ. ಅದಕ್ಕೆ ಶುರುನಲ್ಲೇ ಸರಿ ಮಾಡ್ಕೋಬೇಕು.

ನಾನು ಗಮನಿಸಿರೋ ಪ್ರಕಾರ ಮ್ಯಾನೇಜರ್ ಗಂಟೆಗಳನ್ನ ತಿನ್ನೋದು ದೊಡ್ಡ ಕೆಲ್ಸಗಳಿಗಿಂತ ಜಾಸ್ತಿ ಸಣ್ಣಸಣ್ಣ ತೀರ್ಮಾನಗಳು. ಎಲ್ಲದಕ್ಕೂ ಎಲ್ರೂ ನಿಮ್ಮ ಮುಖಾನೇ ನೋಡ್ತಾರೆ, ನೀವಿಲ್ದೇ ಇದ್ರೆ ಕೆಲ್ಸ ನಿಲ್ಲತ್ತೆ, ಅದಕ್ಕೇ ನೀವು ಹೋಗೋ ಹಾಗಿಲ್ಲ. ಇದನ್ನ ಕಮ್ಮಿ ಮಾಡಿದ್ರೆ ಉಳಿದಿದ್ದು ಅರ್ಧ ತಾನಾಗೇ ಸರಿಹೋಗತ್ತೆ.

ಮೊದ್ಲು ಒಂದು ವಾರ ಜೇಬಲ್ಲಿ ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ. ಯಾರು ಬಂದ್ರು, ಏನ್ ಕೇಳಿದ್ರು, ಎಷ್ಟ್ ಹೊತ್ತು ಹೋಯ್ತು, ಇಷ್ಟೇ ಗೀಚ್ಕೊಂಡು ಹೋಗಿ, ಚೆಂದ ಬರೆಯೋದೇನೂ ಬೇಡ. ವಾರದ ಕೊನೇಲಿ ಕೂತು ನೋಡಿದ್ರೆ ಅದೇ ನಾಕೈದು ಪ್ರಶ್ನೆಗಳು ಮತ್ತೆ ಮತ್ತೆ ಬಂದಿರ್ತವೆ: ಬಿಲ್ ಇಲ್ದೇ ಐಟಂ ವಾಪಸ್ ತಂದಿದ್ದಾರೆ, ಶೆಲ್ಫ್ ಮೇಲಿರೋ ರೇಟೇ ಬೇರೆ ಸಿಸ್ಟಮಲ್ಲಿ ಬರೋದೇ ಬೇರೆ, ಲೋಡ್ ಬಂದಿದೆ ಯಾರು ಎಣಿಸ್ಕೋಬೇಕು, ನಾಳೆ ಶಿಫ್ಟ್ ಬದಲಾಯಿಸ್ಕೋಬೋದಾ. ಒಂದೊಂದಕ್ಕೂ ಎರಡ್ಮೂರು ನಿಮಿಷ ಅನ್ಸತ್ತೆ, ಆದ್ರೆ ಅರ್ಧ ಮಾಡಿದ ರಿಪೋರ್ಟ್ ಬಿಟ್ಟು ಎದ್ದು ಹೋಗಿ ಬಂದು ಎಲ್ಲಿದ್ದೆ ಅಂತ ಹುಡುಕೋದ್ರಲ್ಲಿ ಹೋಗೋ ಟೈಮೇ ಜಾಸ್ತಿ, ಆ ರಿಪೋರ್ಟ್ ಕೊನೆಗೆ ಮುಗಿಯೋದು ಅಂಗಡಿ ಮುಚ್ಚಿದ್ಮೇಲೆ.

ಈ ಪ್ರಶ್ನೆಗಳನ್ನ ಒಂದು ಮಿತಿ ಹಾಕಿ ಸ್ಟಾಫಿಗೇ ಬಿಟ್ಕೊಡಬೇಕು. ಉದಾಹರಣೆಗೆ ಬಿಲ್ಲಿಲ್ಲದ ರಿಟರ್ನ್. ಕೌಂಟರಿಂದ ಹುಡುಗ ಓಡ್ಬಂದು "ಸರ್, ಇದನ್ನ ತಗೋಬೋದಾ?" ಅಂದಾಗ ಹೂಂ ಅಥವಾ ಊಹೂಂ ಅಂದ್ಬಿಡೋದು ಸುಲಭ, ಆದ್ರೆ ನಾಳೆ ಮತ್ತೆ ಬರ್ತಾನೆ. ಅದ್ರ ಬದ್ಲು "ನಿಂಗೇನ್ ಅನ್ಸತ್ತೆ?" ಅಂತ ಕೇಳಿ. "ಸೀಲ್ ಹಾಗೇ ಇದೆ ಸರ್, ನಮ್ಮ ಟ್ಯಾಗೇ ಇದೆ, ಎಕ್ಸ್‌ಚೇಂಜ್ ಮಾಡ್ಕೊಡ್ಬೋದು" ಅಂತಾನೆ. ಸರಿಯಾಗೇ ಹೇಳಿದ ಅಲ್ವಾ, ಅಲ್ಲೇ ರೂಲ್ ಮಾಡ್ಬಿಡಿ: ಇಷ್ಟು ಮೊತ್ತದ ಒಳಗಿದ್ದು ಸೀಲ್ ಒಡೆದಿಲ್ಲ ಅಂದ್ರೆ ನೀನೇ ಎಕ್ಸ್‌ಚೇಂಜ್ ಕೊಡು, ರಿಜಿಸ್ಟರಲ್ಲಿ ಒಂದು ಲೈನ್ ಬರೆ, ನಾನು ದಿನದ ಕೊನೇಲಿ ನೋಡ್ತೀನಿ. ಮಿತಿ ಎಷ್ಟು ಅನ್ನೋದು ಕಂಪನಿ ಪಾಲಿಸಿ ಒಳಗೇ ಇರ್ಬೇಕು, ಅದನ್ನ ಮೊದ್ಲೇ ಮೇಲಿನೋರ ಹತ್ರ ಕೇಳಿಟ್ಕೊಳ್ಳಿ. ಒಂದ್ಸಲ ಅವನು ತಪ್ಪಾಗಿ ತೀರ್ಮಾನ ಮಾಡಿದ್ರೆ ಕಸ್ಟಮರ್ ಮುಂದೆ ಮಾತ್ರ ಬೈಯ್ಬೇಡಿ. ಒಂದೇ ಒಂದು ಸಲ ಎಲ್ರ ಮುಂದೆ ಬೈದ್ರೆ ಸಾಕು, ಇಡೀ ಟೀಮ್ ಮತ್ತೆ ಎಲ್ಲದಕ್ಕೂ ನಿಮ್ಮನ್ನೇ ಕೇಳೋಕೆ ಶುರು ಮಾಡತ್ತೆ.

ಎರಡನೇದು ಕ್ಲೋಸಿಂಗ್, ಅಂದ್ರೆ ರಾತ್ರಿ ಲೆಕ್ಕ ಮುಗಿಸಿ ಅಂಗಡಿ ಮುಚ್ಚೋ ಕೆಲ್ಸ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮನ್ನ ಬಿಟ್ಟು ಕ್ಲೋಸಿಂಗ್ ಮಾಡೋಕೆ ಬರೋರು ಕಡೇಪಕ್ಷ ಒಬ್ರು, ಸಾಧ್ಯ ಆದ್ರೆ ಇಬ್ರು ಇರ್ಲೇಬೇಕು, ಇಲ್ಲಾಂದ್ರೆ ನಿಮಗೆ ರಜೆ ಅನ್ನೋದೇ ಇಲ್ಲ. ಕಲ್ಸೋದು ನಿಧಾನಕ್ಕೆ: ಮೊದ್ಲು ಅವ್ರು ನೋಡ್ತಾರೆ, ಆಮೇಲೆ ಜೊತೇಲಿ ಮಾಡ್ತೀರ, ಆಮೇಲೆ ಅವ್ರು ಮಾಡ್ತಾರೆ ನೀವು ಕೈಕಟ್ಕೊಂಡು ನಿಂತಿರ್ತೀರ (ಬಾಯಿ ಹಾಕ್ದೇ ಇರೋದೇ ಇಲ್ಲಿ ಕಷ್ಟ), ಕೊನೆಗೆ ಅವ್ರು ಅಂಗಡೀಲಿ, ನೀವು ಮನೇಲಿ ಫೋನ್ ಹಿಡ್ಕೊಂಡು.

ಕ್ಲೋಸಿಂಗ್ ಲೇಟ್ ಆಗೋದಕ್ಕೆ ಕಾರಣ ಎಲ್ಲಾನೂ ಬಾಗಿಲು ಹಾಕಿದ್ಮೇಲೆ ಶುರು ಮಾಡೋದು. ಕೊನೇ ಒಂದು ಗಂಟೇಲಿ ಜನ ಕಮ್ಮಿ ಆದ ಹಾಗೆ ಕೌಂಟರ್‌ಗಳನ್ನ ಒಂದೊಂದಾಗಿ ಮುಚ್ಕೊಂಡು ಬನ್ನಿ. ಮುಚ್ಚಿದ ಕೌಂಟರ್‌ದು ಕ್ಯಾಶ್ ಡ್ರಾಯರ್ ತಗೊಂಡು ಒಳಗಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ನೋಟು ಬೇರೆಬೇರೆ ಮಾಡಿ ಎಣಿಸಿ ಸಿಸ್ಟಮ್ ರಿಪೋರ್ಟ್ ಜೊತೆ ಟ್ಯಾಲಿ ಮಾಡಿ ಸೈನ್ ಹಾಕಿ ಮುಗಿಸ್ಬಿಡಿ, ಎಣಿಸೋರು ಒಬ್ರು ಚೆಕ್ ಮಾಡೋರು ಇನ್ನೊಬ್ರು ಇರ್ಲಿ, ಅದು ಇಬ್ರಿಗೂ ಕ್ಷೇಮ. ಅಷ್ಟರಲ್ಲಿ ಹೊರಗೆ ಉಳಿದ ಸ್ಟಾಫು ಬಾಗಿಲಿಂದ ದೂರ ಇರೋ ಸೆಕ್ಷನ್ನಿಂದ ಸಾಮಾನು ಜೋಡಿಸ್ಕೊಂಡು ಬರ್ತಿರ್ಲಿ. ಬಾಗಿಲು ಹಾಕೋ ಹೊತ್ತಿಗೆ ಉಳಿಯೋದು ಕೊನೇ ಡ್ರಾಯರ್, ಕಾರ್ಡ್ ಮೆಷಿನ್ ಸೆಟಲ್‌ಮೆಂಟ್ (ಕಾರ್ಡಲ್ಲಿ ಬಂದ ದುಡ್ಡಿನ ದಿನದ ಲೆಕ್ಕ ಮುಗಿಸೋದು), ಲೈಟು, ಹಿಂದಿನ ಬಾಗಿಲು, ಅಲಾರಂ ಅಷ್ಟೇ ಆಗಿರ್ಬೇಕು. ಸ್ಟಾಕ್ ಎಣಿಸೋದೂ ಹಾಗೇ, ದಿನಾ ಒಂದೊಂದು ಸಣ್ಣ ಸೆಕ್ಷನ್ ಎಣಿಸ್ತಾ ಬಂದ್ರೆ ವ್ಯತ್ಯಾಸ ಬೇಗ ಗೊತ್ತಾಗತ್ತೆ, ರಾತ್ರಿಯೆಲ್ಲಾ ಕೂತು ಹುಡುಕೋದು ತಪ್ಪತ್ತೆ.

ರೋಸ್ಟರ್ (ಯಾರಿಗೆ ಯಾವ ಶಿಫ್ಟ್ ಅನ್ನೋ ಪಟ್ಟಿ) ಹಾಕುವಾಗ ಹೆಚ್ಚಿನೋರು ಸ್ಟಾಫ್ ಹೆಸ್ರೆಲ್ಲಾ ತುಂಬಿಸಿ ಎಲ್ಲಿ ಗ್ಯಾಪ್ ಇದೆಯೋ ಅಲ್ಲಿ ತಮ್ಮ ಹೆಸ್ರು ಹಾಕ್ಕೋತಾರೆ. ಉಲ್ಟಾ ಮಾಡಿ. ಮೊದ್ಲು ನಿಮ್ಮ ವೀಕ್ಲಿ ಆಫ್, ನಿಮ್ಮ ಶಿಫ್ಟ್ ಮುಗಿಯೋ ಟೈಮ್ ಬರೀರಿ, ಆಮೇಲೆ ಉಳಿದಿದ್ದು. ಬಿಲ್ಲಿಂಗ್ ಸಿಸ್ಟಮಲ್ಲಿ ಗಂಟೆ ಪ್ರಕಾರ ಎಷ್ಟು ಬಿಲ್ ಆಗಿದೆ ಅನ್ನೋ ರಿಪೋರ್ಟ್ ಸಿಗತ್ತೆ, ಅದನ್ನ ನೋಡಿ ರಶ್ ಇರೋ ಹೊತ್ತಿಗೆ ಜನ ಹಾಕಿ, ಲೋಡ್ ಇಳಿಸೋದನ್ನ ಖಾಲಿ ಇರೋ ಹೊತ್ತಿಗೆ ತಳ್ಳಿ. ನಿಮ್ಮ ಪೇಪರ್ ಕೆಲ್ಸಕ್ಕೂ ಆ ಖಾಲಿ ಹೊತ್ತಲ್ಲೇ ಒಂದು ಗಂಟೆ ಹಾಕ್ಕೊಳ್ಳಿ, ಆ ಗಂಟೆ ಫ್ಲೋರ್ ನೋಡ್ಕೊಳ್ಳೋದು ಯಾರು ಅನ್ನೋದು ರೋಸ್ಟರಲ್ಲೇ ಬರ್ದಿರ್ಲಿ. ಇನ್ನೊಂದು, ರಾತ್ರಿ ಕ್ಲೋಸ್ ಮಾಡಿದೋರನ್ನ ಬೆಳಗ್ಗೆ ಓಪನಿಂಗಿಗೆ ಹಾಕ್ಬೇಡಿ, ನಿಮ್ಮನ್ನೂ ಸೇರಿಸಿ. ಯುರೋಪಿಯನ್ ಯೂನಿಯನ್ನಿನ ಕೆಲಸದ ಸಮಯದ ನಿಯಮದಲ್ಲಿ ದಿನಕ್ಕೆ ಸತತ 11 ಗಂಟೆ ಬಿಡುವು ಕೊಡ್ಬೇಕು ಅಂತಿದೆ. ನೀವು ಎಲ್ಲೇ ಇರಿ, ಆ 11 ಗಂಟೇನ ಅಳತೆಗೋಲು ಮಾಡ್ಕೊಳ್ಳಿ, ಮನೆಗೆ ಹೋಗಿ ಊಟ ಮಾಡಿ ನಿದ್ದೆ ಮಾಡಿ ವಾಪಸ್ ಬರೋಕೆ ಅಷ್ಟಾದ್ರೂ ಬೇಕು.

ಒಂದು ವಿಷಯ ತುಂಬಾ ಜನಕ್ಕೆ ಹೊಳೆಯಲ್ಲ, ನಿಮ್ಮ ಗಂಟೆಗಳನ್ನ ಬೇರೆ ಯಾರೂ ಎಣಿಸ್ತಿರಲ್ಲ. ಅಂಗಡಿ ಆಫೀಸುಗಳಿಗೆ ದಿನಕ್ಕೆ 8 ಗಂಟೆ ವಾರಕ್ಕೆ 48 ಗಂಟೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1930ರಲ್ಲೇ ಒಪ್ಪಂದ ಮಾಡ್ತು, ಆದ್ರೆ ಮ್ಯಾನೇಜ್‌ಮೆಂಟ್ ಹುದ್ದೇಲಿ ಇರೋರನ್ನ ಅದ್ರಿಂದ ಹೊರಗಿಡೋಕೆ ಅದೇ ಒಪ್ಪಂದದಲ್ಲಿ ಅವಕಾಶ ಇದೆ. ಬಹಳ ಕಡೆ ಸ್ಟಾಫಿಗೆ ಓವರ್‌ಟೈಮ್ ಸಿಕ್ಕಿದ್ರೂ ಮ್ಯಾನೇಜರ್‌ಗೆ ಇಲ್ಲ. ಹಾಗಾಗಿ ಬಂದಿದ್ದು ಹೋಗಿದ್ದು ನೀವೇ ಬರೆದಿಡಿ. ವಾರಕ್ಕೆ 55 ಗಂಟೆ ದಾಟ್ತಿದ್ರೆ ಸುಮ್ನೆ ಬಿಡ್ಬೇಡಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ಲೆಕ್ಕದಲ್ಲಿ, ವಾರಕ್ಕೆ 35ರಿಂದ 40 ಗಂಟೆ ದುಡಿಯೋರಿಗೆ ಹೋಲಿಸಿದ್ರೆ 55 ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ ಸ್ಟ್ರೋಕ್ ಅಪಾಯ ಸುಮಾರು 35% ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯೋ ಅಪಾಯ 17% ಜಾಸ್ತಿ.

ಬರೆದಿಟ್ಟಿದ್ದು ಏರಿಯಾ ಮ್ಯಾನೇಜರ್ ಹತ್ರ ಮಾತಾಡುವಾಗ ಕೆಲ್ಸಕ್ಕೆ ಬರತ್ತೆ. "ತುಂಬಾ ಕಷ್ಟ ಆಗ್ತಿದೆ ಸರ್" ಅಂದ್ರೆ "ಎಲ್ರಿಗೂ ಹಾಗೇ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋ ಉತ್ರ ಬರತ್ತೆ. ಅದ್ರ ಬದ್ಲು ಹೀಗೆ ಕೇಳಿ: "ಸರ್, ಈ ವಾರ ಡಿಸ್‌ಪ್ಲೇ ಬದಲಾವಣೇನೂ ಇದೆ, ಸ್ಟಾಕ್ ಕೌಂಟೂ ಇದೆ, ಎರಡಕ್ಕೂ ಸೇರಿ ಇಷ್ಟು ಸ್ಟಾಫ್ ಗಂಟೆ ಬೇಕು, ಇರೋದು ಇಷ್ಟು. ಯಾವ್ದು ಮೊದ್ಲು ಮಾಡ್ಲಿ, ಯಾವ್ದು ಮುಂದಿನ ವಾರಕ್ಕೆ ಹಾಕ್ಲಿ?" ಆಗ ಅವ್ರೂ ಒಂದು ಉತ್ರ ಕೊಡ್ಲೇಬೇಕಾಗತ್ತೆ, ಆ ಉತ್ರಾನ ಮೆಸೇಜಲ್ಲಿ ತಗೊಳ್ಳಿ. ಸೇಲ್ ಸೀಸನಲ್ಲಿ ಗಂಟೆ ಜಾಸ್ತಿ ಆಗೇ ಆಗತ್ತೆ, ಅದನ್ನ ತಪ್ಪಿಸೋಕಾಗಲ್ಲ, ಆದ್ರೆ ಅದ್ರ ಬದ್ಲಿಗೆ ಕಾಂಪ್ ಆಫ್ (ಬದ್ಲಿ ರಜೆ) ಯಾವ ತಾರೀಖು ಅಂತ ಸೀಸನ್ ಶುರು ಆಗೋ ಮೊದ್ಲೇ ಬರೆಸ್ಕೊಳ್ಳಿ, ಮುಗಿದ್ಮೇಲೆ ಕೇಳಿದ್ರೆ ಸಿಗಲ್ಲ.

ಫೋನ್ ವಿಷ್ಯ. ರಜೆ ದಿನ ಯಾವ್ದಕ್ಕೆ ಕಾಲ್ ಮಾಡ್ಬೋದು ಅಂತ ಕೌಂಟರ್ ಹಿಂದೆ ಒಂದು ಚೀಟಿ ಅಂಟ್ಸಿ: ಯಾರಿಗಾದ್ರೂ ಪೆಟ್ಟಾದ್ರೆ, ಬೆಂಕಿ, ಕಳ್ಳತನ, ಬಿಲ್ಲಿಂಗ್ ಪೂರ್ತಿ ನಿಂತೋದ್ರೆ. ಬಾಕಿ ಎಲ್ಲಾ ಹ್ಯಾಂಡೋವರ್ ಬುಕ್ಕಲ್ಲಿ (ಮುಂದಿನ ಶಿಫ್ಟಿನೋರಿಗೆ ವಿಷ್ಯ ಬರೆದಿಡೋ ಪುಸ್ತಕ) ಬರೆದಿಡ್ಲಿ. ನೀವೂ ಆಫ್ ದಿನ ಫೋನಲ್ಲಿ ಸ್ಟಾಫ್ ಗ್ರೂಪ್ ಓಪನ್ ಮಾಡಿ ಸೇಲ್ಸ್ ಎಷ್ಟಾಯ್ತು ಅಂತ ಕೇಳ್ಬೇಡಿ, ಕೇಳಿದ್ರೆ ಇವ್ರು ಫ್ರೀ ಇದ್ದಾರೆ ಅಂತ ಅರ್ಥ ಮಾಡ್ಕೋತಾರೆ.

ಊಟ ಕೂತ್ಕೊಂಡು ಮಾಡಿ, ಒಳ್ಳೆ ಶೂ ಹಾಕ್ಕೊಳ್ಳಿ, ಲೇಟ್ ಕ್ಲೋಸಿಂಗ್ ಆದಾಗ ನಿದ್ದೆ ಎಳೀತಿದ್ರೆ ಗಾಡಿ ಓಡಿಸ್ಬೇಡಿ. ಬರ್ನೌಟನ್ನ ವಿಶ್ವ ಆರೋಗ್ಯ ಸಂಸ್ಥೆ ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತಾನೇ ತನ್ನ ಪಟ್ಟೀಲಿ ಸೇರಿಸಿದೆ, ಅದಕ್ಕೆ ಮೂರು ಲಕ್ಷಣ ಹೇಳತ್ತೆ: ಮೈಮನಸ್ಸು ಪೂರ್ತಿ ಸುಸ್ತು, ಕೆಲ್ಸದ ಮೇಲೆ ಜಿಗುಪ್ಸೆ, ಮೊದ್ಲಿನ ಹಾಗೆ ಕೆಲ್ಸ ಕೈಗೆ ಹತ್ತದೇ ಇರೋದು. ಅಂಗಡೀಲಿ ಇದು ಕಾಣಿಸೋದು ಹೇಗಂದ್ರೆ ಕಸ್ಟಮರ್ ಒಳಗೆ ಬಂದ್ರೆ ಸಾಕು ಸಿಟ್ಟು ಬರೋಕೆ ಶುರು ಆಗತ್ತೆ. ಹಾಗಾದಾಗ ಉಳಿದಿರೋ ರಜೆ ತಗೊಳ್ಳಿ, ಡಾಕ್ಟರ್ ಹತ್ರ ಮಾತಾಡಿ. ಕ್ಲೋಸಿಂಗ್ ಮಾಡೋರನ್ನ ತಯಾರು ಮಾಡಿ, ಲೆಕ್ಕ ಇಟ್ಟು, ಎರಡ್ಮೂರು ಸಲ ಮೇಲಿನೋರಿಗೆ ತೋರ್ಸಿ ಕೇಳಿದ್ಮೇಲೂ ಜನ ಕೊಡ್ಲಿಲ್ಲ, ಗಂಟೆ ಇಳೀಲಿಲ್ಲ ಅಂದ್ರೆ ಆ ಸ್ಟೋರಿನ ಲೆಕ್ಕಾಚಾರಾನೇ ನಿಮ್ಮ ನಿದ್ದೆ ಮೇಲೆ ನಿಂತಿದೆ ಅಂತ ಅರ್ಥ, ರೆಸ್ಯೂಮೆ ಅಪ್‌ಡೇಟ್ ಮಾಡಿ ಬೇರೆ ಕಡೆ ನೋಡಿ. ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇನ್ನೂ ಎರಡು ಕೇಳಿ: ಕ್ಲೋಸಿಂಗ್ ಮಾಡೋಕೆ ಬರೋರು ಸ್ಟೋರಲ್ಲಿ ಎಷ್ಟು ಜನ ಇದ್ದಾರೆ, ಹಿಂದಿನ ಮ್ಯಾನೇಜರ್ ಯಾಕೆ ಬಿಟ್ರು.